ಪರದೇಶದ ಚಿಪ್ಪುಜೀವಿಗಳ ಗುರುತು

ನಂದಿಬೆಟ್ಟಗಳ ಸೀಮೆಯಲ್ಲಿ ಹುಟ್ಟಿ, ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯವನ್ನೂ ಕೃಷ್ಣಗಿರಿಯ ಅಣೆಕಟ್ಟನ್ನೂ ತುಂಬಿ, ಕಡಲೂರಿನ ಸಮೀಪದಲ್ಲಿ ಬಂಗಾಳಕೊಲ್ಲಿಯನ್ನು ಸೇರುವ ದಕ್ಷಿಣಪಿನಾಕಿನಿಯ ದಡದವರಾದ ನಮಗೆ ಸಮುದ್ರದ ಚಿಪ್ಪುಗಳ ಚಿಂತೆ ಏತಕ್ಕೆಂದು ಕೆಲವರಿಗೆ ತೋರಬಹುದು. ಆದರೆ ನದಿಯ ಸಿಹಿನೀರು ಕಡಲಿನ ಉಪ್ಪುನೀರಿನೊಡನೆ ಬೆರೆಯುವ ಅಳಿವೆಗಳೇ ಅಮೆರಿಕ ಖಂಡಮೂಲದ ಕೆಲವು ಮೃದ್ವಂಗಿಗಳಿಗೆ ಇಂದು ಅತ್ಯಂತ ಪ್ರಿಯವಾದ ನೆಲೆಗಳಾಗಿರುವುದರಿಂದ, ಈ ವಿಚಾರ ಕರಾವಳಿಯವರಿಗಷ್ಟೇ ಮೀಸಲಾದುದಲ್ಲ.

ಭಾರತದಲ್ಲಿ ಇಂತಹ ಪರದೇಶದ ಚಿಪ್ಪುಜೀವಿಗಳ ಅಧ್ಯಯನದ ಮೊದಲ ಮುಖ್ಯ ಘಟ್ಟ ವಿಶಾಖಪಟ್ಟಣದ ಬಂದರು. ಕೆರಿಬಿಯನ್ ಸಮುದ್ರದ ಕಡೆಯದೆಂದು ಭಾವಿಸಲಾದ ಸಣ್ಣ ಕಪ್ಪುಪಟ್ಟೆಯ ಚಿಪ್ಪೊಂದು 1967ರಲ್ಲಿ ಅಲ್ಲಿ ಕಾಣಿಸಿಕೊಂಡಿತು. ಅಂದು ಕಾಂಜೀರಿಯಾ ಎಂದು ಕರೆದ ಆ ಜೀವಿಗೆ ಈಗಿನ ಹೆಸರು ಮೈಟಿಲಾಪ್ಸಿಸ್ ಸ್ಯಾಲೈ. ಹೊರನೋಟಕ್ಕೆ ಅದು ಮಂಗಳೂರಿನವರು ಪಚ್ಚಿಲೆಯೆಂದು ಕರೆದು ತಿನ್ನುವ ಚಿಪ್ಪಿನ ಮರಿಯಂತೆ ತೋರಿದರೂ, ತೆರೆದು ಮೊನೆಯ ಒಳಭಾಗವನ್ನು ಪರೀಕ್ಷಿಸಿದರೆ ಅಲ್ಲಿ ಪುಟ್ಟದೊಂದು ಅಡ್ಡಪಟಲವೂ, ಅದರಿಂದ ಹೊರಚಾಚಿದ ಹಲ್ಲಿನಂತಹ ಏಣೂ ಕಾಣುತ್ತವೆ. ಪಚ್ಚಿಲೆಯಲ್ಲಿ ಇವು ಇಲ್ಲ. ತರುವಾಯ ಮುಂಬಯಿಯ ಹಡಗುಕಟ್ಟೆಗಳಲ್ಲಿಯೂ ಅದೇ ಜೀವಿ ದೊರೆತಾಗ, ಹಡಗುಗಳ ತಳಕ್ಕೆ ಅಂಟಿ ಪ್ರಾಣಿಗಳು ಖಂಡಾಂತರ ಪ್ರಯಾಣ ಮಾಡುತ್ತವೆಂಬುದು ನಮ್ಮ ವಿಜ್ಞಾನಿಗಳಿಗೆ ಪ್ರತ್ಯಕ್ಷವಾಯಿತು.

ಇದೇ ಪಂಗಡದ ಚಿಪ್ಪು 1999ರಲ್ಲಿ ಆಸ್ಟ್ರೇಲಿಯದ ಡಾರ್ವಿನ್ ನಗರದ ದೋಣಿಕಟ್ಟೆಗಳಲ್ಲಿ ಕಂಡಾಗ, ಅಲ್ಲಿನವರು ಗೇಟುಗಳನ್ನು ಮುಚ್ಚಿ, ಕ್ಲೋರಿನ್ ಮತ್ತು ಮೈಲುತುತ್ತವನ್ನು ನೀರಿಗೆ ಬೆರೆಸಿ, ಕೆಲವೇ ವಾರಗಳಲ್ಲಿ ಅದನ್ನು ನಿರ್ಮೂಲಗೊಳಿಸಿದರು. ಕಟ್ಟೆಗಳು ಬಾಗಿಲುಳ್ಳವಾಗಿದ್ದುದೂ, ಗುರುತು ಬೇಗನೆ ದೊರೆತುದೂ ಈ ಜಯಕ್ಕೆ ಕಾರಣ. ತೆರೆದ ಅಳಿವೆಯಲ್ಲಿ ತಡವಾಗಿ ಗುರುತಿಸಿದವರಿಗೆ ಅಂತಹ ಉಪಾಯವಿಲ್ಲ.

ಮೈಟೆಲ್ಲಾ ಸ್ಟ್ರೈಗೇಟಾ ಎಂಬ ಮತ್ತೊಂದು ಚಿಪ್ಪು ಇದನ್ನು ಸ್ಪಷ್ಟಪಡಿಸಿದೆ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಈ ಜೀವಿ 1986ರಲ್ಲಿ ಫ್ಲಾರಿಡಾದಲ್ಲಿಯೂ, 2014ರಲ್ಲಿ ಫಿಲಿಪೀನ್ಸಿನಲ್ಲಿಯೂ, 2016ರಲ್ಲಿ ಸಿಂಗಾಪುರದಲ್ಲಿಯೂ ಕಂಡುಬಂದು, 2019ರ ಹೊತ್ತಿಗೆ ಕೇರಳದ ಹಿನ್ನೀರುಗಳಲ್ಲಿ ದೃಢಪಟ್ಟಿತು. ಕಪ್ಪು, ಕಂದು, ಹಸಿರು, ಪಟ್ಟೆ ಹೀಗೆ ಒಂದೇ ಜಾತಿ ನಾನಾ ಬಣ್ಣಗಳನ್ನು ತಳೆಯುವುದರಿಂದ ಚಿಪ್ಪನ್ನು ಮಾತ್ರ ನಂಬಿದವರು ಮೋಸಹೋಗುವುದು ಸಹಜ. ಕೇರಳ ವಿಶ್ವವಿದ್ಯಾಲಯದ ಎ. ಬಿಜುಕುಮಾರ್ ಮೊದಲಾದವರು ಅಷ್ಟಮುಡಿ ಸರೋವರದ ಮೇಲೆ ಅದರ ಆಕ್ರಮಣವನ್ನು ಕುರಿತು ಬರೆದರು. ಸ್ನಾಯುಗಳ ಗುರುತುಗಳನ್ನು ನೋಡುವ ಹಳೆಯ ಕ್ರಮದೊಡನೆ ಡಿಎನ್ಎ ಪರೀಕ್ಷೆಯೂ ಕೂಡಿಕೊಂಡ ಮೇಲೆಯೇ ಸಂಶಯಗಳು ತೀರತೊಡಗಿದವು. ಒಂದು ಪದ್ಧತಿ ಇನ್ನೊಂದನ್ನು ಅನಗತ್ಯಗೊಳಿಸಿತೆಂದು ನಾನು ತಿಳಿಯುವುದಿಲ್ಲ; ದಡದಲ್ಲಿ ನಿಂತವನಿಗೆ ಇಂದಿಗೂ ಕಣ್ಣೇ ಮೊದಲ ಉಪಕರಣ.

ಮೈಟೆಲ್ಲಾದ ಹಾನಿಯಾದರೋ ಬಹುಮುಖವಾದುದು. ತಾನು ಸ್ರವಿಸುವ ನೂಲುಗಳಿಂದ ಒಂದಕ್ಕೊಂದು ಹೆಣೆದುಕೊಂಡು, ಕೆಸರಿನ ಮೇಲೆ ಚಾಪೆ ಹಾಸಿದಂತೆ ಹರಡಿ, ಅಡಿಯಲ್ಲಿ ಹುದುಗಿರುವ ಮರುವಾಯಿ ಎಂಬ ಚಿಪ್ಪುಜೀವಿಗಳ ಉಸಿರನ್ನು ಕಟ್ಟುತ್ತದೆ; ಸೂಕ್ಷ್ಮಜೀವಿಗಳನ್ನು ಸೋಸಿ ತಿಂದು ಇತರರ ಆಹಾರವನ್ನು ಅಪಹರಿಸುತ್ತದೆ; ಕಡಲಿಗಿಂತ ಹೆಚ್ಚಿನ ಉಪ್ಪನ್ನೂ ಬಹುಪಾಲು ಸಿಹಿಯಾದ ನೀರನ್ನೂ ಕ್ರಮೇಣ ಒಗ್ಗಿಸಿಕೊಳ್ಳುತ್ತದೆ. ಅಷ್ಟಮುಡಿಯ ಮರುವಾಯಿ ಮೀನುಗಾರಿಕೆಯು 2014ರಲ್ಲಿ ಸುಸ್ಥಿರ ಮೀನುಗಾರಿಕೆಯ ಅಂತರರಾಷ್ಟ್ರೀಯ ಪ್ರಮಾಣಪತ್ರವನ್ನು ಭಾರತದಲ್ಲಿ ಮೊದಲಿಗೆ ಪಡೆದಿತ್ತೆಂಬುದನ್ನು ನೆನೆದರೆ ಈ ನಷ್ಟದ ತೂಕ ತಿಳಿಯುತ್ತದೆ. ತಮಿಳುನಾಡಿನ ಎಣ್ಣೂರು ಮತ್ತು ಪಳವೇರ್ಕಾಡುಗಳಲ್ಲಿ ಮೀನುಗಾರರು ಮೈಟೆಲ್ಲಾವನ್ನು ‘ಕಾಕ್ಕಾ ಆಳಿ’ ಎನ್ನುತ್ತಾರೆ. ಸೀಗಡಿಗಳ ನೆಲೆ ಮುಚ್ಚಿಹೋಯಿತೆಂಬ ಅವರ ದೂರು ಹಸಿರು ನ್ಯಾಯಾಧಿಕರಣದವರೆಗೂ ಹೋಗಿದೆ.

ಇಂತಹ ಜೀವಿಗಳನ್ನು ದೂರಕ್ಕೆ ಸಾಗಿಸಬಲ್ಲ ಹಡಗುಗಳ ಸಮತೋಲನದ ನೀರನ್ನು ಕುರಿತು 2004ರಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ಒಪ್ಪಂದ 2017ರಲ್ಲಿ ಜಾರಿಗೆ ಬಂದಿತು. ತಳಕ್ಕೆ ಅಂಟಿ ಬರುವ ಜೀವಿಗಳ ಬಗ್ಗೆ 2011ರಲ್ಲಿ ಹೊರಟುದು ಕೇವಲ ಮಾರ್ಗಸೂಚಿ, ಕಡ್ಡಾಯದ ನಿಯಮವಲ್ಲ. ಈ ಕೊರತೆ ನನಗೆ ಅಕ್ಷಮ್ಯವಾಗಿ ತೋರುತ್ತದೆ.

ಹೊಸೂರು ಕೃಷ್ಣಗಿರಿಗಳಿಂದ ಪ್ರಾಣಿಶಾಸ್ತ್ರ ಓದಲು ಹೋಗುವ ನಮ್ಮ ಹುಡುಗ ಹುಡುಗಿಯರು ಕಡಲೂರಿನ ಅಳಿವೆಗೆ ಹೋದಾಗ, ಕಂಬಗಳಿಗೂ ದೋಣಿಗಳಿಗೂ ಅಂಟಿದ ಅಪರಿಚಿತ ಚಿಪ್ಪುಗಳ ಚಿತ್ರವನ್ನು ತೆಗೆದು, ಸ್ಥಳವನ್ನೂ ದಿನಾಂಕವನ್ನೂ ಬರೆದು, ತಿಳಿದವರಿಗೆ ತೋರಿಸಲಿ. ಜೀವಂತವಾದುದನ್ನು ಮಾತ್ರ ಒಂದು ನೀರಿನಿಂದ ಮತ್ತೊಂದು ನೀರಿಗೆ ಒಯ್ಯದಿರಲಿ.