ಲೆವೊಡೋಪಾ ಸೇವನೆ
ಪಾರ್ಕಿನ್ಸನ್ ಕಾಯಿಲೆಯಲ್ಲಿ (ಕಂಪವಾತ) ಮಿದುಳಿನಲ್ಲಿ ಕಡಿಮೆಯಾಗುವ ಡೋಪಮಿನ್ ತುಂಬಿಕೊಡುವ ಮುಖ್ಯ ಔಷಧಿ. ಸಾಮಾನ್ಯವಾಗಿ ಕಾರ್ಬಿಡೋಪಾ ಬೆರೆಸಿದ ಮಾತ್ರೆಯಾಗಿ ಸಿಗುತ್ತದೆ. ದಿನವೂ ಅದೇ ವೇಳೆಗೆ, ಆದಷ್ಟೂ ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಬೇಕು. ಧಾರವಾಡ ತಾಲ್ಲೂಕಿನ ಮುಗದದಂಥ ಊರುಗಳ ರೊಟ್ಟಿ, ಕಾಳುಪಲ್ಯ, ಮೊಸರಿನ ಊಟ ಬಿಡಬೇಕಿಲ್ಲ. ಆದರೆ ಅದರ ಪ್ರೋಟೀನು ಕೆಲವರಲ್ಲಿ ಮದ್ದು ಮಿದುಳು ಸೇರುವುದಕ್ಕೆ ಅಡ್ಡಿಯಾಗುತ್ತದೆ.

ನಮ್ಮ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿಯ ಬೀಜದಲ್ಲೂ ಲೆವೊಡೋಪಾ ಇದೆ. ಭಾರತೀಯ ವಿಜ್ಞಾನಿಗಳಾದ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೇರ್ಪಡಿಸಿದ ವರದಿ 1937ರಲ್ಲಿ ಪ್ರಕಟವಾಯಿತು. ಹೀಗಾಗಿ ಅದರ ಪುಡಿಯನ್ನು ನಿರಪಾಯಕಾರಿ ನಾಟಿಮದ್ದೆಂದು ಮಾತ್ರೆಯ ಜೊತೆ ತಿನ್ನುವುದು ತಪ್ಪು: ಪ್ರಮಾಣ ಮೀರಿ ಮೈ ತಾನಾಗಿ ಹೊಯ್ದಾಡಬಹುದು, ಭ್ರಮೆ ಕಾಣಬಹುದು. ವಾಕರಿಕೆಗೆ ಮೆಟೊಕ್ಲೋಪ್ರಮೈಡ್ ಸಲ್ಲದು. ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ತೀವ್ರ ಜ್ವರ, ಬಿಗಿತ ಬಂದು ಜೀವಕ್ಕೇ ಅಪಾಯ. ತೀರುವ ಮೊದಲೇ ತರಿಸಿಟ್ಟುಕೊಳ್ಳಿ.