ಪದೇ ಪದೇ ಬದಲಾಗುವ ಕನ್ನಡಕದ ನಂಬರ್: ಕೆರಟೋಕೋನಸ್‌ಗೆ ಕ್ರಾಸ್‌ಲಿಂಕಿಂಗ್ ಚಿಕಿತ್ಸೆ ಎಂದರೇನು, ಯಾವಾಗ ಮಾಡಿಸಬೇಕು?

ಆರು ತಿಂಗಳಿಗೊಮ್ಮೆ ಕನ್ನಡಕದ ನಂಬರ್ ಬದಲಾಗುತ್ತಿದೆ. ಹೊಸ ಕನ್ನಡಕ ಹಾಕಿಕೊಂಡರೂ ಬೋರ್ಡಿನ ಮೇಲಿನ ಅಕ್ಷರಕ್ಕೆ ನೆರಳು ಅಂಟಿಕೊಂಡಂತೆ ಕಾಣುತ್ತದೆ. ರಾತ್ರಿ ಎದುರಿಗೆ ಬರುವ ಲಾರಿಯ ಹೆಡ್‌ಲೈಟ್ ಒಡೆದು ಚೆದುರಿದಂತೆ ತೋರುತ್ತದೆ. ಹದಿಹರೆಯದ ಮಕ್ಕಳು ಹೀಗೆಂದರೆ 'ಮೊಬೈಲ್ ಜಾಸ್ತಿ ನೋಡ್ತೀಯ, ಅದಕ್ಕೇ' ಎಂದು ಗದರಿಸಿ ಸುಮ್ಮನಾಗುವ ಮನೆಗಳೇ ಹೆಚ್ಚು. ಆದರೆ ಇವು ಕೆರಟೋಕೋನಸ್ ಎಂಬ ಕಾಯಿಲೆಯ ಲಕ್ಷಣವೂ ಆಗಿರಬಹುದು. ಇದು ಉಲ್ಬಣಿಸುವುದನ್ನು ತಡೆಯಲು ಕ್ರಾಸ್‌ಲಿಂಕಿಂಗ್ ಎಂಬ ಚಿಕಿತ್ಸೆ ಇದೆ. ನಮ್ಮ ಆಸ್ಪತ್ರೆಗಳಲ್ಲಿ ಇದನ್ನು 'ಸಿ3ಆರ್' ಎಂದೂ ಕರೆಯುತ್ತಾರೆ. ಒಂದು ಮಾತನ್ನು ಮೊದಲೇ ತಿಳಿದುಕೊಳ್ಳಬೇಕು: ಈ ಚಿಕಿತ್ಸೆ ಉಳಿದಿರುವ ದೃಷ್ಟಿಯನ್ನು ಕಾಯುತ್ತದೆ, ಕಳೆದುಹೋದದ್ದನ್ನು ಮರಳಿ ತಂದುಕೊಡುವುದಿಲ್ಲ. ಹೀಗಾಗಿ ಎಷ್ಟು ಬೇಗ ಗೊತ್ತಾಗುತ್ತದೆ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ.

ಕಣ್ಣಿನಲ್ಲಿ ಆಗುವುದೇನು?

ಕಣ್ಣಿನ ಮುಂಭಾಗದಲ್ಲಿ, ಕೈಗಡಿಯಾರದ ಗಾಜಿನ ಹಾಗೆ ಕೂತಿರುವ ಪಾರದರ್ಶಕ ಪದರವೇ ಕಾರ್ನಿಯಾ. ನಡುವಿನಲ್ಲಿ ಅದರ ದಪ್ಪ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ಕಣ್ಣೊಳಗೆ ಬರುವ ಬೆಳಕನ್ನು ಬಾಗಿಸಿ ಕೇಂದ್ರೀಕರಿಸುವ ಕೆಲಸದಲ್ಲಿ ಮೂರನೇ ಎರಡು ಪಾಲು ಇದರದ್ದೇ. ಕೊಲಾಜೆನ್ ಎಂಬ ಪ್ರೋಟೀನಿನ ಸೂಕ್ಷ್ಮ ಎಳೆಗಳು ಪದರ ಪದರವಾಗಿ ಹೆಣೆದುಕೊಂಡು ಇದಕ್ಕೆ ಗಟ್ಟಿತನ ಕೊಡುತ್ತವೆ.

ಕೆರಟೋಕೋನಸ್ ಇರುವವರಲ್ಲಿ ಈ ಹೆಣಿಗೆ ಸಡಿಲವಾಗುತ್ತದೆ. ಕಾರ್ನಿಯಾ ತೆಳುವಾಗುತ್ತಾ, ಕಣ್ಣಿನ ಒಳಗಿನ ಒತ್ತಡ ತಾಳಲಾರದೆ ಮುಂದಕ್ಕೆ ಉಬ್ಬಿ ಶಂಕುವಿನ ಆಕಾರ ತಾಳುತ್ತದೆ. ಮೇಲ್ಮೈಯೇ ಓರೆಕೋರೆಯಾದಾಗ ಕನ್ನಡಕ ಎಷ್ಟು ಬದಲಿಸಿದರೂ ಪೂರ್ತಿ ಸ್ಪಷ್ಟತೆ ಬರುವುದಿಲ್ಲ. ಬ್ರಿಟಿಷ್ ವೈದ್ಯ ಜಾನ್ ನಾಟಿಂಗ್‌ಹ್ಯಾಮ್ 1854ರಷ್ಟು ಹಿಂದೆಯೇ ಈ ಕಾಯಿಲೆಯನ್ನು ವಿವರವಾಗಿ ದಾಖಲಿಸಿದ್ದರು. ಆದರೆ ಅದು ಮುಂದುವರಿಯದಂತೆ ತಡೆಯುವ ದಾರಿ ಸಿಗಲು ನಂತರ ಸುಮಾರು ಒಂದೂವರೆ ಶತಮಾನ ಬೇಕಾಯಿತು.

ಸಾಮಾನ್ಯವಾಗಿ ಹದಿಹರೆಯದಲ್ಲಿ ಶುರುವಾಗಿ ಮೂವತ್ತರ ಆಸುಪಾಸಿನವರೆಗೂ ಇದು ಬೆಳೆಯುತ್ತಾ ಹೋಗುತ್ತದೆ. ನಲವತ್ತರ ಹೊತ್ತಿಗೆ ಬಹುತೇಕರಲ್ಲಿ ತಾನಾಗಿಯೇ ನಿಲ್ಲುತ್ತದೆ. ವಯಸ್ಸಾದಂತೆ ಕೊಲಾಜೆನ್ ಎಳೆಗಳ ನಡುವೆ ಸಹಜವಾಗಿಯೇ ಬೆಸುಗೆ ಹೆಚ್ಚುವುದು ಇದಕ್ಕೆ ಒಂದು ಕಾರಣ. ಕಾಯಿಲೆ ಹೆಚ್ಚಾಗಿ ಎರಡೂ ಕಣ್ಣಿಗೆ ಬರುತ್ತದೆ, ಆದರೆ ಒಂದು ಕಣ್ಣು ಮುಂದೆ, ಇನ್ನೊಂದು ಹಿಂದೆ. ಕಾಯಿಲೆ ಗುಟ್ಟಾಗಿ ಬೆಳೆಯುವುದೇ ಇದರಿಂದ. ಚೆನ್ನಾಗಿರುವ ಕಣ್ಣು ಇನ್ನೊಂದರ ಕೊರತೆಯನ್ನು ಮುಚ್ಚಿಹಾಕುತ್ತದೆ. ಒಂದು ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದಿ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಓದಿ ಎಂದು ಮಕ್ಕಳಿಗೆ ಹೇಳಿ ನೋಡಿ. ಇದು ರೋಗ ಪತ್ತೆಯ ಪರೀಕ್ಷೆ ಅಲ್ಲವಾದರೂ ಎರಡು ಕಣ್ಣುಗಳ ನಡುವಿನ ವ್ಯತ್ಯಾಸ ಅಲ್ಲೇ ತಿಳಿಯುತ್ತದೆ.

ಆಂಧ್ರದ ದಾಖಲೆಗಳು ಹೇಳುವುದೇನು?

ಈ ಕಾಯಿಲೆಯ ಬಗ್ಗೆ ಭಾರತದಲ್ಲಿ ಸಿಗುವ ದೊಡ್ಡ ಲೆಕ್ಕಗಳಲ್ಲೊಂದು ನೆರೆಯ ತೆಲುಗು ರಾಜ್ಯಗಳಿಂದ ಬಂದಿದೆ. ಡಾ. ಗುಲ್ಲಪಲ್ಲಿ ನಾಗೇಶ್ವರ ರಾವ್ 1987ರಲ್ಲಿ ಹೈದರಾಬಾದ್‌ನಲ್ಲಿ ಸ್ಥಾಪಿಸಿದ ಎಲ್‌.ವಿ. ಪ್ರಸಾದ್ ಕಣ್ಣಿನ ಸಂಸ್ಥೆ, 2006ರಲ್ಲಿ ವಿಶಾಖಪಟ್ಟಣದಲ್ಲೂ 2011ರಲ್ಲಿ ವಿಜಯವಾಡ ಹೊರವಲಯದ ತಾಡಿಗಡಪದಲ್ಲೂ ತನ್ನ ಕೇಂದ್ರಗಳನ್ನು ತೆರೆಯಿತು. (ಸಂಸ್ಥೆಗೆ ಹೆಸರು ಬಂದದ್ದು ಸಿನಿಮಾ ನಿರ್ಮಾಪಕ, ನಿರ್ದೇಶಕ ಎಲ್‌.ವಿ. ಪ್ರಸಾದ್ ಅವರಿಂದ.) ಈ ಜಾಲದ ಆಸ್ಪತ್ರೆಗಳಿಗೆ ಬಂದ ಸುಮಾರು 24 ಲಕ್ಷ ರೋಗಿಗಳ ಕಂಪ್ಯೂಟರ್ ದಾಖಲೆಗಳನ್ನು ಜಾಲಾಡಿದಾಗ 14,700ಕ್ಕೂ ಹೆಚ್ಚು ಮಂದಿಯಲ್ಲಿ, ಅಂದರೆ ಶೇ. 0.62ರಷ್ಟು ಜನರಲ್ಲಿ ಕೆರಟೋಕೋನಸ್ ಕಂಡುಬಂತು. ಅವರಲ್ಲಿ ಶೇ. 60ಕ್ಕಿಂತ ಹೆಚ್ಚು ಪುರುಷರು. ಇಪ್ಪತ್ತರ ಹರೆಯದವರದ್ದೇ ದೊಡ್ಡ ಪಾಲು.

ಇದು ಆಸ್ಪತ್ರೆಯ ಬಾಗಿಲಿಗೆ ಬಂದವರ ಲೆಕ್ಕವೇ ಹೊರತು ಊರಿನ ಲೆಕ್ಕವಲ್ಲ. ನಾಗಪುರ ಸಮೀಪದ ಹಳ್ಳಿಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಸಮೀಕ್ಷೆ ಶೇ. 2.3 ಎಂದಿತ್ತು. ಅಲ್ಲಿ ಕಾರ್ನಿಯಾದ ಬಾಗುವಿಕೆಯನ್ನಷ್ಟೇ ಅಳತೆಗೋಲಾಗಿ ಬಳಸಿದ್ದರಿಂದ ಎರಡೂ ಅಂಕಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಆದರೆ ಎರಡು ಸಾವಿರ ಮಂದಿಗೆ ಒಬ್ಬರಿಗೆ ಬರುವ ಅಪರೂಪದ ಕಾಯಿಲೆ ಎಂಬ ಹಳೆಯ ಮಾತು ನಮ್ಮ ದೇಶಕ್ಕೆ ಹೊಂದುವುದಿಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಗಮನಿಸಬೇಕಾದ ಅಂಶ ವಯಸ್ಸಿನದ್ದು. ಕಾಯಿಲೆ ಶುರುವಾಗುವುದು ಹದಿಹರೆಯದಲ್ಲಿ, ಹೆಚ್ಚಿನವರು ಆಸ್ಪತ್ರೆಯ ದಾಖಲೆಗೆ ಸೇರುವುದು ಇಪ್ಪತ್ತು ದಾಟಿದ ಮೇಲೆ. ನಡುವಿನ ಆ ವರ್ಷಗಳಲ್ಲೇ ಕಾರ್ನಿಯಾ ವೇಗವಾಗಿ ಹಾಳಾಗುತ್ತದೆ. ವಿಜಯವಾಡ, ವಿಶಾಖಪಟ್ಟಣ ಎರಡೂ ಇಂಟರ್‌ಮೀಡಿಯೆಟ್ ಕಾಲೇಜು, ಎಂಜಿನಿಯರಿಂಗ್ ಮತ್ತು ನೀಟ್ ಕೋಚಿಂಗ್‌ಗೆ ಹೆಸರಾದ ಊರುಗಳು. ಮನೆಯಿಂದ ದೂರ ಹಾಸ್ಟೆಲ್‌ನಲ್ಲಿರುವ ಹದಿನೇಳರ ಹುಡುಗ ಕಣ್ಣು ಕಿರಿದು ಮಾಡಿ ಓದುವುದನ್ನು ಗಮನಿಸುವವರು ಯಾರು? 'ಪರೀಕ್ಷೆ ಮುಗಿಯಲಿ, ಆಮೇಲೆ ತೋರಿಸೋಣ' ಎನ್ನುವ ಮಾತು ಬೇರೆ ಕಾಯಿಲೆಗಳಲ್ಲಿ ನಡೆದೀತು, ಇದರಲ್ಲಿ ದುಬಾರಿ. ಧಾರವಾಡ, ಮಂಗಳೂರು, ಬೆಂಗಳೂರಿನ ಹಾಸ್ಟೆಲ್‌ಗಳ ಕಥೆಯೂ ಬೇರೆಯಲ್ಲ ಬಿಡಿ.

ಕಣ್ಣು ಉಜ್ಜುವ ಚಟ

ವಂಶವಾಹಿ ಕಾರಣವೂ ಇರುತ್ತದೆ, ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲೂ ಇದು ಹೆಚ್ಚು. ಆದರೆ ನಮ್ಮ ಕೈಯಲ್ಲೇ ಇರುವ ಕಾರಣ ಒಂದಿದೆ: ಕಣ್ಣು ಉಜ್ಜುವುದು. ಅಲರ್ಜಿಯಿಂದ ತುರಿಸುವ ಕಣ್ಣನ್ನು ಬೆರಳ ಗೆಣ್ಣಿನಿಂದ ಗಟ್ಟಿಯಾಗಿ ಒತ್ತಿ ಉಜ್ಜಿದಾಗಲೆಲ್ಲ ಮೊದಲೇ ದುರ್ಬಲವಾಗಿರುವ ಕಾರ್ನಿಯಾಗೆ ಪೆಟ್ಟು ಬೀಳುತ್ತದೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ವಿಜಯವಾಡವನ್ನು ಅಲ್ಲಿನವರೇ ತಮಾಷೆಗೆ 'ಬ್ಲೇಜ್‌ವಾಡ' ಎನ್ನುತ್ತಾರೆ. ಬಿಸಿಲು, ದೂಳು ಇರುವ ಇಂತಹ ಊರುಗಳಲ್ಲಿ ಮಕ್ಕಳ ಕಣ್ಣಿನ ಅಲರ್ಜಿ ಸಾಮಾನ್ಯ. ನಮ್ಮ ರಾಯಚೂರು, ಕಲಬುರಗಿಯವರಿಗೂ ಇದು ಹೊಸದಲ್ಲ. ಅಲರ್ಜಿಗೆ ಸರಿಯಾದ ಡ್ರಾಪ್ಸ್ ಹಾಕಿ ಉಜ್ಜುವುದನ್ನು ನಿಲ್ಲಿಸದಿದ್ದರೆ ಮುಂದೆ ಹೇಳುವ ಯಾವ ಚಿಕಿತ್ಸೆಯೂ ಪೂರ್ತಿ ಫಲ ಕೊಡುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೆರಾಯ್ಡ್ ಡ್ರಾಪ್ಸ್ ಅನ್ನು ತಿಂಗಳುಗಟ್ಟಲೆ ಹಾಕುವುದು ಇನ್ನೊಂದು ಅಪಾಯ. ಅದರಿಂದ ಕಣ್ಣಿನ ಒತ್ತಡ ಏರಬಹುದು, ಪೊರೆಯೂ ಬರಬಹುದು.

ರೋಗ ಪತ್ತೆಗೆ ಸಾಮಾನ್ಯ ಕನ್ನಡಕದ ಪರೀಕ್ಷೆ ಸಾಲದು. ಸಿಲಿಂಡರ್ ನಂಬರ್ ಏರುತ್ತಲೇ ಇದ್ದರೆ, ಅಕ್ಷದ ಕೋನ ಪ್ರತಿ ಸಲ ಬದಲಾಗುತ್ತಿದ್ದರೆ ಕಾರ್ನಿಯಾದ ಟೋಪೋಗ್ರಫಿ ಸ್ಕ್ಯಾನ್ ಮಾಡಿಸಬೇಕು. ನೋವಿಲ್ಲದ, ಕೆಲವೇ ನಿಮಿಷಗಳ ಪರೀಕ್ಷೆ ಇದು. ಗುಡ್ಡ, ಬಯಲುಗಳ ಭೂಪಟದ ಹಾಗೆ ಕಾರ್ನಿಯಾದ ಬಣ್ಣದ ನಕ್ಷೆ ಬರುತ್ತದೆ, ಕೆಂಪು ಬಣ್ಣ ಕಡಿದಾದ ಭಾಗವನ್ನು ತೋರಿಸುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಎಷ್ಟು ದಿನ ಮೊದಲೇ ಅದನ್ನು ಬಿಡಬೇಕು ಎಂದು ಕೇಳಿಕೊಂಡೇ ಹೋಗಬೇಕು, ಇಲ್ಲದಿದ್ದರೆ ನಕ್ಷೆ ತಪ್ಪಾಗುತ್ತದೆ. ಕನ್ನಡಕ ತೆಗೆಯಿಸಲು ಲೇಸಿಕ್ ಮಾಡಿಸಲು ಹೊರಟವರಿಗೆ ಈ ಸ್ಕ್ಯಾನ್‌ನಲ್ಲೇ ಮೊದಲ ಬಾರಿ ಕಾಯಿಲೆ ಗೊತ್ತಾಗುವುದುಂಟು. ಕೆರಟೋಕೋನಸ್ ಇರುವ ಕಣ್ಣಿಗೆ ಲೇಸಿಕ್ ಮಾಡಬಾರದು.

ವಿಟಮಿನ್ ಹನಿ, ಅತಿನೇರಳೆ ಬೆಳಕು

ಹಲ್ಲಿನ ಡಾಕ್ಟರ್ ಕುಳಿಗೆ ಮೆತ್ತನೆಯ ಸಿಮೆಂಟ್ ತುಂಬಿ ನೀಲಿ ಬೆಳಕು ಹಿಡಿದು ಗಟ್ಟಿ ಮಾಡುವುದನ್ನು ನೋಡಿರುತ್ತೀರಿ. ಕ್ರಾಸ್‌ಲಿಂಕಿಂಗ್ ಹೆಚ್ಚುಕಡಿಮೆ ಅದೇ ತರ್ಕ. ರೈಬೋಫ್ಲೇವಿನ್, ಅಂದರೆ ವಿಟಮಿನ್ ಬಿ2 ಹನಿಗಳನ್ನು ಕಾರ್ನಿಯಾ ಹೀರಿಕೊಂಡ ನಂತರ ಅದರ ಮೇಲೆ ಅತಿನೇರಳೆ ಎ ಕಿರಣ ಬಿಡಲಾಗುತ್ತದೆ. ಬೆಳಕು, ವಿಟಮಿನ್ ಮತ್ತು ಆಮ್ಲಜನಕ ಸೇರಿ ನಡೆಯುವ ರಾಸಾಯನಿಕ ಕ್ರಿಯೆಯಿಂದ ಕೊಲಾಜೆನ್ ಎಳೆಗಳ ನಡುವೆ ಹೊಸ ಬೆಸುಗೆಗಳು ಮೂಡುತ್ತವೆ, ಕಾರ್ನಿಯಾ ಬಿಗಿಯಾಗುತ್ತದೆ. ಬಿ2 ಮಾತ್ರೆ ನುಂಗಿದರೆ ಸಾಲದೇ ಎಂದು ಕೇಳುವವರಿದ್ದಾರೆ, ಸಾಲದು.

ಜರ್ಮನಿಯ ಡ್ರೆಸ್ಡನ್‌ನಲ್ಲಿ ಥಿಯೊ ಸೀಲರ್, ಎಬರ್‌ಹಾರ್ಡ್ ಸ್ಪೋರ್ಲ್ ಮತ್ತು ಗ್ರೆಗೊರ್ ವೊಲೆನ್ಸಾಕ್ ಇದನ್ನು ರೂಪಿಸಿದರು. 2003ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿದ್ದದ್ದು 22 ರೋಗಿಗಳ 23 ಕಣ್ಣುಗಳು ಮಾತ್ರ. ಆ ಎಲ್ಲ ಕಣ್ಣುಗಳಲ್ಲೂ ಕಾಯಿಲೆ ಮುಂದುವರಿಯುವುದು ನಿಂತಿತ್ತು, 16 ಕಣ್ಣುಗಳಲ್ಲಿ ಉಬ್ಬು ತುಸು ಇಳಿದಿತ್ತು. ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು 2016ರ ಏಪ್ರಿಲ್‌ನಲ್ಲಿ. ಭಾರತದ ಆಸ್ಪತ್ರೆಗಳು ಅಷ್ಟು ಹೊತ್ತಿಗಾಗಲೇ ವರ್ಷಗಳಿಂದ ಈ ಚಿಕಿತ್ಸೆ ಮಾಡುತ್ತಿದ್ದವು.

ಚಿಕಿತ್ಸೆಯ ದಿನ ಅಡ್ಮಿಟ್ ಆಗಬೇಕಿಲ್ಲ, ಇಂಜೆಕ್ಷನ್ನೂ ಇಲ್ಲ. ಹನಿ ಹಾಕಿ ಕಣ್ಣನ್ನು ಮರಗಟ್ಟಿಸುತ್ತಾರೆ, ರೆಪ್ಪೆ ಮುಚ್ಚದಂತೆ ಸಣ್ಣ ಕ್ಲಿಪ್ ಹಾಕುತ್ತಾರೆ. ಕಾರ್ನಿಯಾದ ತೀರಾ ಮೇಲಿನ ತೆಳು ಚರ್ಮವನ್ನು ಮೆಲ್ಲಗೆ ಕೆರೆದು ತೆಗೆಯುತ್ತಾರೆ. ನಂತರ ಅರ್ಧ ಗಂಟೆ ಹಳದಿ ಬಣ್ಣದ ರೈಬೋಫ್ಲೇವಿನ್ ಹನಿ, ಇನ್ನರ್ಧ ಗಂಟೆ ಬೆಳಕು. ಇದು ಮೂಲ ಡ್ರೆಸ್ಡನ್ ವಿಧಾನ. ಬೆಳಕಿನ ತೀವ್ರತೆಯನ್ನು ಮೂರು ಪಟ್ಟು ಹೆಚ್ಚಿಸಿ ಅರ್ಧ ಗಂಟೆಯ ಕೆಲಸವನ್ನು ಹತ್ತು ನಿಮಿಷಕ್ಕೆ ಇಳಿಸಿದ ವಿಧಾನವೂ ಈಗ ಬಳಕೆಯಲ್ಲಿದೆ. ಮೇಲ್ಪದರ ತೆಗೆಯದೆ ಮಾಡುವ ಕ್ರಮದಲ್ಲಿ ನೋವು ಕಡಿಮೆ, ಆದರೆ ಔಷಧಿ ಒಳಗೆ ಇಳಿಯುವುದೂ ಕಷ್ಟ.

ಆ ದಿನಕ್ಕಿಂತ ಕಷ್ಟ ಅದರ ಮರುದಿನಗಳು. ಮರಗಟ್ಟಿಸಿದ ಹನಿಯ ಪರಿಣಾಮ ಇಳಿದ ಮೇಲೆ ಎರಡು ಮೂರು ದಿನ ಉರಿ, ನೀರು ಸೋರುವುದು, ಬೆಳಕು ನೋಡಲಾಗದಿರುವುದು ಇದ್ದೇ ಇರುತ್ತದೆ. ಗಾಯ ಮಾಯಲು ಕೆಲವು ದಿನ ಬ್ಯಾಂಡೇಜ್ ಕಾಂಟ್ಯಾಕ್ಟ್ ಲೆನ್ಸ್ ಹಾಕಿರುತ್ತಾರೆ. ದೃಷ್ಟಿ ಮೊದಲ ಕೆಲವು ವಾರ ಮೊದಲಿಗಿಂತ ಮಂಜಾಗಿಯೇ ಇರುತ್ತದೆ. ಇದನ್ನು ಮೊದಲೇ ಹೇಳಿರದಿದ್ದರೆ ಮನೆಯವರು ಗಾಬರಿಯಾಗುತ್ತಾರೆ, ಚಿಕಿತ್ಸೆಯೇ ಕೆಟ್ಟಿತು ಎಂದುಕೊಳ್ಳುತ್ತಾರೆ. ಆದರೆ ನೋವು ಕಡಿಮೆಯಾಗುವ ಬದಲು ಹೆಚ್ಚುತ್ತಾ ಹೋದರೆ, ಕೀವು ಕಂಡರೆ ಅಥವಾ ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ ಮೂಡಿದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು. ಅದು ಸೋಂಕಿನ ಸೂಚನೆ ಇರಬಹುದು.

ಎಲ್ಲರಿಗೂ ಆಗುತ್ತದೆಯೇ?

ಇಲ್ಲ. ಕಾರ್ನಿಯಾದ ದಪ್ಪ 400 ಮೈಕ್ರಾನ್‌ಗಿಂತ ಕಡಿಮೆ ಇದ್ದರೆ ಅತಿನೇರಳೆ ಕಿರಣ ಒಳಪದರದ ಜೀವಕೋಶಗಳನ್ನು ಸುಡುವ ಭಯವಿದೆ. ಅಂಥವರಿಗಾಗಿ ಕಾರ್ನಿಯಾವನ್ನು ತಾತ್ಕಾಲಿಕವಾಗಿ ಉಬ್ಬಿಸುವ ಹನಿ ಬಳಸುವುದುಂಟು. ರೈಬೋಫ್ಲೇವಿನ್‌ನಲ್ಲಿ ನೆನೆಸಿದ ಕಾಂಟ್ಯಾಕ್ಟ್ ಲೆನ್ಸನ್ನೇ ಕಾರ್ನಿಯಾ ಮೇಲಿಟ್ಟು ದಪ್ಪ ಹೆಚ್ಚಿಸಿಕೊಳ್ಳುವ ಉಪಾಯವನ್ನು ಚೆನ್ನೈನ ಡಾ. ಸೂಸನ್ ಜೇಕಬ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದರು. ಕಾರ್ನಿಯಾದಲ್ಲಿ ಗಾಢ ಕಲೆ ಆಗಿರುವವರಿಗೆ, ಕಣ್ಣಿಗೆ ಹಿಂದೆ ಹರ್ಪಿಸ್ ಸೋಂಕು ತಗುಲಿದವರಿಗೆ, ಗರ್ಭಿಣಿಯರಿಗೆ ವೈದ್ಯರು ಸಾಮಾನ್ಯವಾಗಿ ಬೇಡ ಎನ್ನುತ್ತಾರೆ. ಕಾಯಿಲೆ ತಾನಾಗಿಯೇ ನಿಂತಿರುವ ನಲವತ್ತು ದಾಟಿದವರಿಗೂ ಇದರ ಅಗತ್ಯ ಕಡಿಮೆ. ದೊಡ್ಡವರಲ್ಲಿ ಕೆಲವು ತಿಂಗಳ ಅಂತರದ ಸ್ಕ್ಯಾನ್‌ಗಳನ್ನು ಹೋಲಿಸಿ, ಉಬ್ಬು ಹೆಚ್ಚುತ್ತಿದೆ ಎಂದು ಖಚಿತವಾದ ಮೇಲೆ ನಿರ್ಧರಿಸುತ್ತಾರೆ. ಮಕ್ಕಳಲ್ಲಿ ಕಾಯಿಲೆಯ ಓಟ ಜೋರು, ಹಾಗಾಗಿ ಅಲ್ಲಿ ಕಾಯುವುದಕ್ಕೆ ಬಹಳಷ್ಟು ವೈದ್ಯರು ಒಪ್ಪುವುದಿಲ್ಲ.

ಜ್ಯೂರಿಕ್‌ನ ವೈದ್ಯರು 2009ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಶೇ. 7.6ರಷ್ಟು ಕಣ್ಣುಗಳಲ್ಲಿ ಚಿಕಿತ್ಸೆಯ ನಂತರವೂ ಕಾಯಿಲೆ ಮುಂದುವರಿದಿತ್ತು. ಉಬ್ಬು 58 ಡಯಾಪ್ಟರ್ ಮೀರಿದ್ದವರಲ್ಲಿ ಈ ಸೋಲು ಹೆಚ್ಚು. ಸರಿಯಾದ ಕಾರ್ನಿಯಾದಲ್ಲಿ ಈ ಅಳತೆ 43ರ ಆಸುಪಾಸು ಇರುತ್ತದೆ. ತಡವಾಗಿ ಬಂದಷ್ಟೂ ಚಿಕಿತ್ಸೆಯ ಬಲ ಕುಗ್ಗುತ್ತದೆ ಎನ್ನಲು ಇದಕ್ಕಿಂತ ನೇರವಾದ ಪುರಾವೆ ಬೇಡ.

ತಡವಾದರೆ ಉಳಿಯುವ ದಾರಿ

ಕ್ರಾಸ್‌ಲಿಂಕಿಂಗ್ ಆದ ಮೇಲೂ ಕನ್ನಡಕ ಬೇಕಾಗುತ್ತದೆ. ಕನ್ನಡಕ ಸಾಲದಿದ್ದರೆ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್, ಅದೂ ನಿಲ್ಲದಿದ್ದರೆ ಕಣ್ಣಿನ ಬಿಳಿಭಾಗದ ಮೇಲೆ ಕೂರುವ ಸ್ಕ್ಲೀರಲ್ ಲೆನ್ಸ್. ಚೆನ್ನಾಗಿ ಹೊಂದಿದ ಸ್ಕ್ಲೀರಲ್ ಲೆನ್ಸ್ ಎಷ್ಟೋ ಮಂದಿಯ ಓದು, ಉದ್ಯೋಗ ಉಳಿಸಿದೆ. ಇದ್ಯಾವುದಕ್ಕೂ ಬಗ್ಗದ ಕಣ್ಣಿಗೆ ಕೊನೆಯ ದಾರಿ ಕಾರ್ನಿಯಾ ಕಸಿ. ಅದಕ್ಕೆ ಯಾರೋ ಒಬ್ಬರು ಸತ್ತು ಕಣ್ಣು ದಾನ ಮಾಡಿರಬೇಕು.

ಕನ್ನಡಿಗರಿಗೆ ಇದು ಹತ್ತಿರದ ವಿಷಯ. 2021ರ ಅಕ್ಟೋಬರ್ 29ರಂದು ನಿಧನರಾದ ಪುನೀತ್ ರಾಜ್‌ಕುಮಾರ್ ಅವರ ಎರಡು ಕಾರ್ನಿಯಾಗಳನ್ನು ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಪದರ ಬಿಡಿಸಿ ನಾಲ್ವರಿಗೆ ಕಸಿ ಮಾಡಿದ್ದರು. ಮುಂಭಾಗದ ಪದರ ಹಾಳಾದವರಿಗೆ ಮುಂಭಾಗ, ಹಿಂಭಾಗದ ಪದರ ಕೆಟ್ಟವರಿಗೆ ಹಿಂಭಾಗ. ಕೆರಟೋಕೋನಸ್‌ನಲ್ಲೂ ಸಾಧ್ಯವಿದ್ದಾಗ ಹೀಗೆ ಮುಂಭಾಗದ ಪದರವನ್ನಷ್ಟೇ ಬದಲಿಸುತ್ತಾರೆ. ರೋಗಿಯ ಒಳಪದರ ಹಾಗೆಯೇ ಉಳಿಯುವುದರಿಂದ ಕಸಿಯನ್ನು ದೇಹ ತಿರಸ್ಕರಿಸುವ ಅಪಾಯ ಕಡಿಮೆ. ನೆದರ್ಲೆಂಡ್ಸ್‌ನಲ್ಲಿ ಕ್ರಾಸ್‌ಲಿಂಕಿಂಗ್ ಬಂದ ನಂತರ ಕೆರಟೋಕೋನಸ್‌ಗಾಗಿ ನಡೆಯುವ ಕಸಿಗಳು ಸುಮಾರು ಕಾಲು ಭಾಗ ಇಳಿದವು. ದಾನದ ಕಣ್ಣುಗಳ ಕೊರತೆ ಇರುವ ನಮ್ಮಲ್ಲಿ ತಪ್ಪಿದ ಪ್ರತಿ ಕಸಿಯೂ ಬೇರೊಬ್ಬರಿಗೆ ಸಿಕ್ಕ ಕಾರ್ನಿಯಾ.

ಎಲ್ಲಿಗೆ ಹೋಗಬೇಕು?

ವಿಶಾಖಪಟ್ಟಣ, ವಿಜಯವಾಡದಲ್ಲಿ ಎಲ್‌.ವಿ. ಪ್ರಸಾದ್ ಸಂಸ್ಥೆಯ ಕೇಂದ್ರಗಳಿವೆ, ವಿಜಯವಾಡ ಕಡೆಯವರಿಗೆ ಗುಂಟೂರು ಬಳಿಯ ಪೆದಕಾಕಾನಿಯಲ್ಲಿ ಶಂಕರ ಕಣ್ಣಿನ ಆಸ್ಪತ್ರೆಯೂ ಇದೆ. ಬಳ್ಳಾರಿ, ರಾಯಚೂರಿನವರು ಹೈದರಾಬಾದ್ ಅಥವಾ ಬೆಂಗಳೂರು ಕಡೆ ಹೋಗುವುದು ರೂಢಿ. ಯಾವ ಊರಾದರೂ ಕಾರ್ನಿಯಾ ತಜ್ಞರು ಇದ್ದಾರೆಯೇ ಎಂದು ಕೇಳಿ ಹೋಗಿ. ಬಡ ರೋಗಿಗಳಿಗೆ ಉಚಿತ ಅಥವಾ ರಿಯಾಯಿತಿ ವ್ಯವಸ್ಥೆ ಇರುವ ಆಸ್ಪತ್ರೆಗಳಿವೆ. ವಿಮೆ ಇದ್ದವರು 'ಇದು ಕನ್ನಡಕ ತೆಗೆಯುವ ಸೌಂದರ್ಯ ಚಿಕಿತ್ಸೆಯಲ್ಲ' ಎಂಬ ವೈದ್ಯರ ಪತ್ರವನ್ನು ಮೊದಲೇ ಪಡೆದಿಟ್ಟುಕೊಳ್ಳುವುದು ಒಳ್ಳೆಯದು.

ಪ್ರತಿ ಸ್ಕ್ಯಾನ್‌ನ ಪ್ರತಿಯನ್ನು ದಿನಾಂಕದೊಂದಿಗೆ ಜೋಪಾನ ಮಾಡಿ, ಮೊಬೈಲ್‌ನಲ್ಲೂ ಫೋಟೊ ಇಟ್ಟುಕೊಳ್ಳಿ. ಊರು, ಆಸ್ಪತ್ರೆ ಬದಲಾದರೂ ಹಳೆಯ ನಕ್ಷೆ ಇದ್ದರಷ್ಟೇ ಕಾಯಿಲೆ ಮುಂದುವರಿದಿದೆಯೇ ಎಂದು ಹೇಳಲು ಸಾಧ್ಯ. ಚಿಕಿತ್ಸೆಯ ನಂತರವೂ ವೈದ್ಯರು ಹೇಳಿದ ಅವಧಿಗೆ ಸ್ಕ್ಯಾನ್ ಆಗಬೇಕು, ಇನ್ನೊಂದು ಕಣ್ಣಿನದ್ದೂ ಸೇರಿ. ಮನೆಯಲ್ಲಿ ಒಬ್ಬರಿಗೆ ಕೆರಟೋಕೋನಸ್ ಎಂದು ಗೊತ್ತಾದರೆ ತಮ್ಮ, ತಂಗಿಯರನ್ನೂ ಅದೇ ವಾರ ಕರೆದುಕೊಂಡು ಹೋಗಿ ಟೋಪೋಗ್ರಫಿ ಮಾಡಿಸಿ.