ಆರೋಗ್ಯ ವಿಜ್ಞಾನ ವಿದ್ಯಾರ್ಥಿಗಳ ಸಹಕಲಿಕೆ: ನಾಯಕತ್ವ ಬೆಳವಣಿಗೆಯ ಮೌಲ್ಯಮಾಪನ

ಪೀಠಿಕೆ

ವೈದ್ಯಕೀಯ, ದಂತ ವೈದ್ಯಕೀಯ, ಶುಶ್ರೂಷಾ, ಔಷಧ ವಿಜ್ಞಾನ, ಫಿಸಿಯೋಥೆರಪಿ ಮೊದಲಾದ ಕೋರ್ಸುಗಳ ವಿದ್ಯಾರ್ಥಿಗಳು ಪಠ್ಯಕ್ರಮದ ಕೆಲವು ಭಾಗಗಳನ್ನು ಒಟ್ಟಾಗಿ ಕಲಿಯುವ ಕ್ರಮವನ್ನು ಅಂತರ್‌ವೃತ್ತಿ ಶಿಕ್ಷಣ ಎಂದು ಕರೆಯಲಾಗುತ್ತದೆ. ಇಂತಹ ಕಲಿಕೆಯಲ್ಲಿ ವಿದ್ಯಾರ್ಥಿಯ ನಾಯಕತ್ವ ಸಾಮರ್ಥ್ಯ ಎಷ್ಟು ಬೆಳೆದಿದೆ ಎಂಬುದನ್ನು ಅಳೆಯುವ ವಿಧಾನಗಳನ್ನೂ, ಅದರಿಂದ ದೊರೆಯುವ ಅಂಕಗಳನ್ನು ಅರ್ಥೈಸಬೇಕಾದ ರೀತಿಯನ್ನೂ ಈ ಕೋರ್ಸುಗಳಿಗೆ ಅರ್ಜಿ ಸಲ್ಲಿಸುವ ಅಭ್ಯರ್ಥಿಗಳ ಹಾಗೂ ಪೋಷಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಸ್ವೀಡನ್ ದೇಶದ ಲಿಂಚೋಪಿಂಗ್ ವಿಶ್ವವಿದ್ಯಾಲಯದಲ್ಲಿ 1986ರಲ್ಲಿಯೇ ವಿವಿಧ ಆರೋಗ್ಯ ವೃತ್ತಿಗಳ ವಿದ್ಯಾರ್ಥಿಗಳಿಗೆ ಸಹಕಲಿಕೆಯನ್ನು ಆರಂಭಿಸಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯು ಈ ವಿಷಯದ ಬಗ್ಗೆ 1988ರಲ್ಲಿ ತಜ್ಞರ ವರದಿಯನ್ನೂ, 2010ರಲ್ಲಿ ಕಾರ್ಯಚೌಕಟ್ಟನ್ನೂ ಪ್ರಕಟಿಸಿತು. ಈ ಚೌಕಟ್ಟಿನ ಪ್ರಕಾರ, ಎರಡು ಅಥವಾ ಹೆಚ್ಚು ವೃತ್ತಿಗಳ ವಿದ್ಯಾರ್ಥಿಗಳು ಪರಸ್ಪರರ ಬಗ್ಗೆ, ಪರಸ್ಪರರಿಂದ ಮತ್ತು ಪರಸ್ಪರರ ಜೊತೆಯಲ್ಲಿ ಕಲಿತಾಗ ಮಾತ್ರ ಅದು ಅಂತರ್‌ವೃತ್ತಿ ಶಿಕ್ಷಣವೆನಿಸುತ್ತದೆ. ಒಂದೇ ಸಭಾಂಗಣದಲ್ಲಿ ಕುಳಿತು ಒಂದೇ ಉಪನ್ಯಾಸ ಕೇಳಿದ ಮಾತ್ರಕ್ಕೆ ಅದು ಸಹಕಲಿಕೆಯಾಗುವುದಿಲ್ಲ.

ಭಾರತದಲ್ಲಿ 2019ರ ಪ್ರವೇಶ ತಂಡದಿಂದ ಜಾರಿಗೆ ಬಂದ ಸಾಮರ್ಥ್ಯ ಆಧಾರಿತ ಎಂಬಿಬಿಎಸ್ ಪಠ್ಯಕ್ರಮವು ವೈದ್ಯ ಪದವೀಧರನಿಗೆ ಐದು ಪಾತ್ರಗಳನ್ನು ಗೊತ್ತುಪಡಿಸಿತ್ತು: ಚಿಕಿತ್ಸಕ, ಆರೋಗ್ಯ ತಂಡದ ನಾಯಕ ಮತ್ತು ಸದಸ್ಯ, ಸಂವಹನಕಾರ, ಜೀವನಪರ್ಯಂತ ಕಲಿಯುವವ ಹಾಗೂ ವೃತ್ತಿಪರ. ಇವುಗಳಲ್ಲಿ ನಾಯಕ ಮತ್ತು ಸದಸ್ಯ ಎಂಬ ಎರಡನ್ನೂ ಒಂದೇ ಪಾತ್ರವಾಗಿ ಹೇಳಿರುವುದು ಗಮನಾರ್ಹ. ಕರ್ನಾಟಕದಲ್ಲಿ ಮಣಿಪಾಲ್ ಅಕಾಡೆಮಿ ಆಫ್ ಹೈಯರ್ ಎಜುಕೇಷನ್ ಸಂಸ್ಥೆಯು ಬೋಧಕರಿಗಾಗಿ ಅಂತರ್‌ವೃತ್ತಿ ಶಿಕ್ಷಣದ ನಾಯಕತ್ವ ತರಬೇತಿಯನ್ನು ನಡೆಸಿದೆ.

ನಾಯಕತ್ವ ಎಂದರೇನು?

ಇಲ್ಲಿ ನಾಯಕತ್ವವೆಂದರೆ ಆಜ್ಞೆ ನೀಡುವ ಅಧಿಕಾರವಲ್ಲ. ಕೆನಡಾ ದೇಶದಲ್ಲಿ 2010ರಲ್ಲಿ ರೂಪಿಸಲಾದ ಸಾಮರ್ಥ್ಯ ಚೌಕಟ್ಟಿನ ಆರು ವಿಭಾಗಗಳಲ್ಲಿ ಸಹಕಾರಿ ನಾಯಕತ್ವವೂ ಒಂದು. ಸಂದರ್ಭಕ್ಕೆ ತಕ್ಕ ಜ್ಞಾನವುಳ್ಳವರು ಮುಂದಾಳತ್ವ ವಹಿಸುವುದು, ಉಳಿದವರು ಅದನ್ನು ಒಪ್ಪಿ ನಡೆಯುವುದು, ಸಂದರ್ಭ ಬದಲಾದಾಗ ಮುಂದಾಳತ್ವವನ್ನು ಬಿಟ್ಟುಕೊಡುವುದು ಇದರ ತಿರುಳು.

ಇದಕ್ಕೂ ರೋಗಿಯ ಜೀವಕ್ಕೂ ನೇರ ಸಂಬಂಧವಿದೆ. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ತಪಶೀಲು ಪಟ್ಟಿಯು, ಚರ್ಮಕ್ಕೆ ಗಾಯ ಮಾಡುವ ಮೊದಲು ತಂಡದ ಎಲ್ಲರೂ ತಮ್ಮ ಹೆಸರು ಮತ್ತು ಕೆಲಸವನ್ನು ಹೇಳಿ ಪರಿಚಯಿಸಿಕೊಳ್ಳಬೇಕೆಂದು ವಿಧಿಸುತ್ತದೆ. ಒಮ್ಮೆ ಮಾತನಾಡಿದ ಕಿರಿಯ ಸದಸ್ಯರು, ಮುಂದೆ ಲೋಪ ಕಂಡುಬಂದಾಗ ಅದನ್ನು ಹೇಳಲು ಹಿಂಜರಿಯಬಾರದು ಎಂಬುದು ಇದರ ಒಂದು ಉದ್ದೇಶ.

ಮೌಲ್ಯಮಾಪನದ ವಿಧಾನಗಳು

1. ಸ್ವಯಂ ಮೌಲ್ಯಮಾಪನ: ವಿದ್ಯಾರ್ಥಿಯು ಪ್ರಶ್ನಾವಳಿಯಲ್ಲಿ ತನಗೆ ತಾನೇ ಅಂಕ ನೀಡುವ ವಿಧಾನ. 1999ರಲ್ಲಿ ಪ್ರಕಟವಾದ, 19 ಹೇಳಿಕೆಗಳ ಸಹಕಲಿಕೆ ಸಿದ್ಧತಾ ಮಾಪಕವು ವ್ಯಾಪಕವಾಗಿ ಬಳಕೆಯಲ್ಲಿದೆ. ಆದರೆ ಅದು ಅಳೆಯುವುದು ಕಲಿಯುವ ಮನೋಭಾವವನ್ನು, ನಾಯಕತ್ವವನ್ನಲ್ಲ. ಕೌಜಸ್ ಮತ್ತು ಪೋಸ್ನರ್ ಅವರು ರೂಪಿಸಿದ ವಿದ್ಯಾರ್ಥಿ ನಾಯಕತ್ವ ಪ್ರಶ್ನಾವಳಿಯು 30 ಹೇಳಿಕೆಗಳ ಮೂಲಕ ಐದು ಬಗೆಯ ನಡವಳಿಕೆಗಳನ್ನು ಪರಿಶೀಲಿಸುತ್ತದೆ. ಇದನ್ನು ಇತರರು ಭರ್ತಿ ಮಾಡುವ ನಮೂನೆಯೂ ಇದೆ.

2. ನೇರ ವೀಕ್ಷಣೆ: ಕೃತಕ ವಾರ್ಡಿನಲ್ಲಿ ತಂಡಕ್ಕೆ ಒಂದು ಸನ್ನಿವೇಶವನ್ನು ನೀಡಿ, ತರಬೇತಿ ಪಡೆದ ಪರೀಕ್ಷಕರು ನಡವಳಿಕೆಯನ್ನು ದಾಖಲಿಸುತ್ತಾರೆ.

3. ಬಹುಮೂಲ ಅಭಿಪ್ರಾಯ: ಬೋಧಕರು, ಸಹಪಾಠಿಗಳು, ಬೇರೆ ವೃತ್ತಿಯ ವಿದ್ಯಾರ್ಥಿಗಳು ಮತ್ತು ಸಾಧ್ಯವಿದ್ದಲ್ಲಿ ರೋಗಿಗಳಿಂದ ಅಭಿಪ್ರಾಯ ಪಡೆಯಲಾಗುತ್ತದೆ.

4. ಲಾಗ್‌ಬುಕ್ ಮತ್ತು ಚಿಂತನಾ ಬರಹ: ವಿದ್ಯಾರ್ಥಿಯು ತಾನು ಮಾಡಿದ್ದನ್ನೂ ಅದರಿಂದ ಕಲಿತದ್ದನ್ನೂ ಕಾಲಕಾಲಕ್ಕೆ ಬರೆದಿಡುವುದು.

ಅಂಕಗಳನ್ನು ಅರ್ಥೈಸುವಾಗ ವಹಿಸಬೇಕಾದ ಎಚ್ಚರ

(ಅ) ಅಂಕ ಇಳಿಯುವುದು ಹಿನ್ನಡೆಯೇ ಆಗಬೇಕಿಲ್ಲ. ಉದಾಹರಣೆಗೆ, ಕಾರ್ಯಕ್ರಮಕ್ಕೆ ಮೊದಲು ತನಗೆ 5ಕ್ಕೆ 4 ಅಂಕ ನೀಡಿಕೊಂಡ ವಿದ್ಯಾರ್ಥಿನಿಯು ಕೊನೆಯಲ್ಲಿ 3 ನೀಡಿಕೊಳ್ಳಬಹುದು. ಮೊದಲು ಆಕೆಗೆ ತನಗೆ ತಿಳಿಯದಿರುವುದು ಏನೆಂಬ ಅರಿವಿರಲಿಲ್ಲ. ಕಲಿತ ನಂತರ ಅಳತೆಗೋಲೇ ಬದಲಾಯಿತು. ಈ ಕಾರಣದಿಂದ ಕೊನೆಯ ದಿನವೇ "ಮೊದಲು ಹೇಗಿದ್ದಿರಿ, ಈಗ ಹೇಗಿದ್ದೀರಿ" ಎಂದು ಎರಡನ್ನೂ ಒಟ್ಟಿಗೆ ಕೇಳುವ ಕ್ರಮವೂ ಇದೆ. ಸ್ವಯಂ ಅಂಕವನ್ನೇ ಉತ್ತೀರ್ಣತೆಯ ಆಧಾರವಾಗಿಸಿದಲ್ಲಿ ಪ್ರಾಮಾಣಿಕ ವಿದ್ಯಾರ್ಥಿಗೆ ನಷ್ಟವುಂಟಾಗುತ್ತದೆ.

(ಆ) ಹೆಚ್ಚು ಮಾತನಾಡಿದವರೇ ನಾಯಕರಲ್ಲ. ಕೃತಕ ವಾರ್ಡಿನಲ್ಲಿ ಇನ್ಸುಲಿನ್ ಪಡೆದ ರೋಗಿಯು ಊಟ ಮಾಡಿಲ್ಲ, ಬೆವರುತ್ತಿದ್ದಾರೆ ಎಂದು ಭಾವಿಸೋಣ. ಇದನ್ನು ಗಮನಿಸಿದ ಶುಶ್ರೂಷಾ ವಿದ್ಯಾರ್ಥಿನಿಯು ಚರ್ಚೆಯನ್ನು ತಡೆದು ರಕ್ತದ ಸಕ್ಕರೆ ಪರೀಕ್ಷಿಸಲು ಕೇಳುತ್ತಾಳೆ. ವೈದ್ಯ ವಿದ್ಯಾರ್ಥಿಯು ಅದನ್ನು ಒಪ್ಪಿ ಕ್ರಮ ಕೈಗೊಳ್ಳುತ್ತಾನೆ. ಔಷಧ ವಿಜ್ಞಾನ ವಿದ್ಯಾರ್ಥಿಯು ಮುಂದಿನ ಇನ್ಸುಲಿನ್ ಪ್ರಮಾಣವನ್ನು ಮರುಪರಿಶೀಲಿಸುತ್ತಾನೆ. ಆದೇಶಗಳನ್ನು ಎಣಿಸುವ ಪರೀಕ್ಷಕರು ವೈದ್ಯ ವಿದ್ಯಾರ್ಥಿಗೆ ಪೂರ್ಣ ಅಂಕ ನೀಡಬಹುದು. ಆದರೆ ಅಪಾಯವನ್ನು ಮೊದಲು ಹೇಳಿದವರು ಬೇರೆ. ಅಪಾಯವನ್ನು ಯಾರು ಕಂಡರು, ಅದನ್ನು ಸ್ಪಷ್ಟವಾಗಿ ಹೇಳಿದರೆ, ಇತರರು ಕಿವಿಗೊಟ್ಟರೆ ಎಂಬ ಮೂರನ್ನೂ ದಾಖಲಿಸತಕ್ಕದ್ದು. ಪರೀಕ್ಷಕರ ತಂಡದಲ್ಲಿ ಒಂದಕ್ಕಿಂತ ಹೆಚ್ಚು ವೃತ್ತಿಗಳವರು ಇರುವುದು ಇದಕ್ಕಾಗಿಯೇ ಅಗತ್ಯ.

(ಇ) ಮೆಚ್ಚುಗೆಯು ಕಲಿಕೆಯಲ್ಲ. ಸಹಕಲಿಕೆಯ ಫಲವನ್ನು ಸಾಮಾನ್ಯವಾಗಿ ಹಂತಗಳಲ್ಲಿ ನೋಡಲಾಗುತ್ತದೆ: ಕಾರ್ಯಕ್ರಮದ ಬಗೆಗಿನ ಪ್ರತಿಕ್ರಿಯೆ, ಮನೋಭಾವದ ಬದಲಾವಣೆ, ಜ್ಞಾನ ಮತ್ತು ಕೌಶಲ, ಕೆಲಸದಲ್ಲಿನ ನಡವಳಿಕೆ, ಸಂಸ್ಥೆಯ ಪದ್ಧತಿಯಲ್ಲಿನ ಬದಲಾವಣೆ ಮತ್ತು ಕೊನೆಯದಾಗಿ ರೋಗಿಗೆ ಆದ ಪ್ರಯೋಜನ. ಕಾರ್ಯಾಗಾರದ ಕೊನೆಯಲ್ಲಿ ತುಂಬಿಸಿಕೊಳ್ಳುವ ಅಭಿಪ್ರಾಯ ನಮೂನೆಯು ಹೆಚ್ಚಾಗಿ ಮೊದಲನೆಯ ಹಂತವನ್ನಷ್ಟೇ ಮುಟ್ಟುತ್ತದೆ.

ಅಭ್ಯರ್ಥಿಗಳು ಮತ್ತು ಪೋಷಕರು ವಿಚಾರಿಸಬಹುದಾದ ಅಂಶಗಳು

ಪ್ರವೇಶಕ್ಕೆ ಮುನ್ನ ಸಂಬಂಧಪಟ್ಟ ಕಾಲೇಜಿನಲ್ಲಿ ಈ ಕೆಳಕಂಡ ವಿವರಗಳನ್ನು ಕೇಳಿ ತಿಳಿದುಕೊಳ್ಳುವುದು ಸೂಕ್ತ:

1. ಯಾವ ಯಾವ ಕೋರ್ಸುಗಳ ವಿದ್ಯಾರ್ಥಿಗಳು ಒಟ್ಟಾಗಿ ಕಲಿಯುತ್ತಾರೆ? ರೋಗಿಗಳ ಆರೈಕೆಯಲ್ಲಿಯೂ ಒಟ್ಟಾಗಿರುತ್ತಾರೆಯೇ?
2. ಮೌಲ್ಯಮಾಪನವು ಒಂದೇ ದಿನದ್ದೇ ಅಥವಾ ಹಲವು ಬಾರಿ ನಡೆಯುತ್ತದೆಯೇ?
3. ಬೇರೆ ವೃತ್ತಿಯ ಬೋಧಕರೂ ಅಂಕ ನೀಡುತ್ತಾರೆಯೇ?
4. ಮೌಲ್ಯಮಾಪನದ ಮಾನದಂಡಗಳನ್ನು ವಿದ್ಯಾರ್ಥಿಗಳಿಗೆ ಮುಂಚಿತವಾಗಿ ತಿಳಿಸಲಾಗುತ್ತದೆಯೇ?
5. ಅಂಕದ ಜೊತೆಗೆ, ತಿದ್ದಿಕೊಳ್ಳಬೇಕಾದ ಅಂಶಗಳನ್ನು ಲಿಖಿತವಾಗಿ ನೀಡಲಾಗುತ್ತದೆಯೇ?
6. ಕಡಿಮೆ ಅಂಕ ಪಡೆದವರಿಗೆ ಮತ್ತೊಂದು ಅವಕಾಶವಿದೆಯೇ?

ಸೂಚನೆ

ನಾಯಕತ್ವ ಅಥವಾ ಸಹಕಲಿಕೆಯ ಬಗ್ಗೆ ಕಾಲೇಜುಗಳು ನೀಡುವ ಪ್ರಮಾಣಪತ್ರವು ವೃತ್ತಿ ನಡೆಸಲು ಅನುಮತಿಯಾಗಿರುವುದಿಲ್ಲ. ಅದಕ್ಕೆ ಮಾನ್ಯತೆ ಪಡೆದ ಪದವಿ ಅಥವಾ ಡಿಪ್ಲೊಮಾ ಹಾಗೂ ಕಾನೂನಿನ ಪ್ರಕಾರ ಸಂಬಂಧಪಟ್ಟ ವೃತ್ತಿ ಪರಿಷತ್ತಿನಲ್ಲಿ ನೋಂದಣಿ ಅಗತ್ಯ. ಈ ಪುಟದ ವಿವರಗಳನ್ನು ಸಾಮಾನ್ಯ ಮಾಹಿತಿಗಾಗಿ ಮಾತ್ರ ನೀಡಲಾಗಿದ್ದು, ಪಠ್ಯಕ್ರಮ ಮತ್ತು ಪರೀಕ್ಷೆಗೆ ಸಂಬಂಧಿಸಿದಂತೆ ಆಯಾ ವಿಶ್ವವಿದ್ಯಾಲಯದ ಹಾಗೂ ನಿಯಂತ್ರಣ ಪ್ರಾಧಿಕಾರದ ಪ್ರಚಲಿತ ಆದೇಶಗಳೇ ಅಂತಿಮ.